ಒಳರಸ್ತೆಯಲ್ಲಿ ವೇಗ ಇಳಿಯದೆ ನೆರೆಹೊರೆ ಬೆಳೆಯುತ್ತಾ?

ಚರ್ಚೆ ಶುರು ಮಾಡಿದವರು

ಕೆಲಸ ಒಂದು ಊರಲ್ಲಿ, ನಿದ್ದೆ ಇನ್ನೊಂದು ಊರಲ್ಲಿ. ದೊಡ್ಡ ನಗರದ ಮಗ್ಗುಲಲ್ಲಿರುವ ಉಪನಗರಗಳ ಬದುಕು ಎಲ್ಲ ಕಡೆಯೂ ಹೆಚ್ಚುಕಡಿಮೆ ಹೀಗೇ. ಬೆಳಿಗ್ಗೆ ಊರು ಖಾಲಿ, ಕತ್ತಲಾಗುವ ಹೊತ್ತಿಗೆ ಮತ್ತೆ ಭರ್ತಿ. ಜಪಾನಿನ ಜನಗಣತಿಯಲ್ಲಿ ಹಗಲಿನ ಜನಸಂಖ್ಯೆಯ ಲೆಕ್ಕವನ್ನೂ ಬೇರೆಯಾಗಿ ಕೊಡುತ್ತಾರೆ. ಟೋಕಿಯೊ ಪಕ್ಕದ ಸೈತಾಮಾ ಪ್ರಾಂತ್ಯದಲ್ಲಿ ಹಗಲು ಇರುವವರು ಅಲ್ಲಿನ ನಿವಾಸಿಗಳ ಶೇ. 90ಕ್ಕಿಂತಲೂ ಕಡಿಮೆ. ಇಡೀ ಪ್ರಾಂತ್ಯದ ಕಥೆಯೇ ಹೀಗಾದರೆ ಒಂದೊಂದು ಬಡಾವಣೆಯ ಕಥೆ ಹೇಗಿರಬೇಕು, ಯೋಚಿಸಿ.

ಇಂಥ ಊರುಗಳ ಬಗ್ಗೆ ಒಂದು ದೂರು ಯಾವಾಗಲೂ ಇರುತ್ತದೆ. ಪಕ್ಕದ ಮನೆಯವರ ಮುಖ ಗೊತ್ತಿಲ್ಲ, ಸಭೆ ಕರೆದರೆ ಅದೇ ನಾಲ್ಕು ಜನ ಬರುತ್ತಾರೆ, ಯಾರಿಗೂ ಊರಿನ ಮೇಲೆ ಅಕ್ಕರೆಯಿಲ್ಲ ಅಂತ. ಜನರನ್ನು ಬೈಯುವ ಈ ಮಾತು ನನಗೆ ಒಪ್ಪಿಗೆಯಿಲ್ಲ. ಪರಿಚಯ ಶುರುವಾಗುವುದು ಸಭೆಯಲ್ಲಲ್ಲ, ಮನೆ ಮುಂದಿನ ಬೀದಿಯಲ್ಲಿ. ಆ ಬೀದಿಯಲ್ಲಿ ಎರಡು ನಿಮಿಷ ನಿಂತು ಮಾತಾಡಲು ಆಗದಿದ್ದರೆ ಯಾವ ಸಂಘವೂ ಬಾಳಲ್ಲ. ಹಾಗಾಗಿ ಉಪನಗರದವರು ಮೊದಲು ಕೈಹಾಕಬೇಕಾದ ಕೆಲಸ ಅಂದರೆ ಒಳರಸ್ತೆಗಳಲ್ಲಿ ವಾಹನಗಳ ವೇಗ ಇಳಿಸುವುದು, ಹಾದುಹೋಗುವ ವಾಹನಗಳನ್ನು ಕಡಿಮೆ ಮಾಡುವುದು. ಉಳಿದದ್ದೆಲ್ಲ ಆಮೇಲೆ.

ಇದಕ್ಕೆ ಆಧಾರವೂ ಇದೆ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸ ಪ್ರಾಧ್ಯಾಪಕರು 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೂರು ಬೀದಿಗಳನ್ನು ನೋಡಿದರು. ಮನೆಗಳು ಹೆಚ್ಚುಕಡಿಮೆ ಒಂದೇ ಥರದವು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಬೀದಿಯಲ್ಲಿ ನಿಮಗೆ ಎಷ್ಟು ಜನ ಗೆಳೆಯರಿದ್ದಾರೆ ಅಂತ ಕೇಳಿದರು. ವಾಹನ ಕಡಿಮೆ ಇದ್ದ ಬೀದಿಯಲ್ಲಿ ಸರಾಸರಿ 3 ಜನ, ನಡುವಿನದರಲ್ಲಿ 1.3, ತುಂಬಾ ವಾಹನ ಓಡಾಡುವ ಬೀದಿಯಲ್ಲಿ 0.9. ಮುಖಪರಿಚಯದವರ ಲೆಕ್ಕವೂ 6.3ರಿಂದ 3.1ಕ್ಕೆ ಇಳಿದಿತ್ತು. ಇನ್ನೊಂದು ಕೆಲಸವನ್ನೂ ಮಾಡಿದರು. ಕೈಗೆ ನಕ್ಷೆ ಕೊಟ್ಟು, ನಿಮ್ಮದು ಅನ್ನಿಸುವ ಜಾಗಕ್ಕೆ ಗೆರೆ ಎಳೆಯಿರಿ ಅಂದರು. ಶಾಂತ ಬೀದಿಯವರು ಇಡೀ ಬೀದಿಯನ್ನು ಸುತ್ತುಹಾಕಿ ಗೆರೆ ಎಳೆದರು. ಗದ್ದಲದ ಬೀದಿಯವರ ಗೆರೆ ಅವರ ಕಟ್ಟಡದ ಆಚೆಗೆ ಹೋಗಲಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆ ಗೆರೆ. ಅಕ್ಕರೆ ಇಲ್ಲ ಅಂತೀವಲ್ಲ, ಅಕ್ಕರೆ ಇಡೋಕೆ ಮೊದಲು ಜಾಗ "ನಮ್ಮದು" ಅನ್ನಿಸಬೇಕು ಅಲ್ವಾ?

ಇದು ಉಪನಗರಕ್ಕೇ ಯಾಕೆ ಜಾಸ್ತಿ ತಟ್ಟುತ್ತದೆ ಅಂದರೆ, ಇಲ್ಲಿ ಎಲ್ಲರೂ ಎಚ್ಚರವಾಗಿ ಊರಿನಲ್ಲೇ ಇರುವ ಹೊತ್ತು ತುಂಬಾ ಕಡಿಮೆ. ಬೆಳಿಗ್ಗೆ ಹೊರಡುವ ಮುಂಚೆ ಸ್ವಲ್ಪ ಹೊತ್ತು, ಸಂಜೆ ಬಂದ ಮೇಲೆ ಸ್ವಲ್ಪ ಹೊತ್ತು. ಹೆದ್ದಾರಿ ಜಾಮ್ ಆಗುವುದೂ ಆಗಲೇ. ಆ್ಯಪ್ ತೋರಿಸಿದ ಅಡ್ಡದಾರಿ ಹಿಡಿದು ಹೊರಗಿನ ಗಾಡಿಗಳು ಬಡಾವಣೆಯೊಳಗೆ ನುಗ್ಗುವುದೂ ಆಗಲೇ. ಮಕ್ಕಳು ಶಾಲೆಗೆ ನಡೆಯುವುದೂ ಆಗಲೇ. ಊರಿಗೆ ಸಿಗುವ ಆ ಎರಡು ಹೊತ್ತನ್ನೂ ರಸ್ತೆ ಕಸಿದುಕೊಂಡರೆ ಉಳಿಯುವುದು ನಿದ್ದೆ ಮಾತ್ರ.

ಎಲ್ಲರೂ ನಿಮ್ಮ ಅಭಿಪ್ರಾಯ ಬರೆಯಿರಿ. ಒಪ್ಪದವರು ಖಂಡಿತ ಬರೆಯಬೇಕು.

ದಿನಾ ಕಾರಿನಲ್ಲಿ ಹೋಗಿಬರುವವರು

ಸರ್, ಬರೆದಿದ್ದು ಚೆನ್ನಾಗಿದೆ. ಆದರೆ ದಿನಾ ಅಷ್ಟು ದೂರ ಗಾಡಿ ಓಡಿಸಿ ಸುಸ್ತಾಗಿ ಬರುವವನನ್ನು ಮನೆ ಹತ್ತಿರ ಬಂದಾಗಲೂ ನಿಧಾನ ಮಾಡಿ ಅಂದರೆ ಸಿಟ್ಟು ಬರಲ್ವಾ? ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರಿನಲ್ಲಿ ಜನವಸತಿಯ ರಸ್ತೆಗಳಲ್ಲಿ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿ.ಮೀ. ಮಿತಿ ತಂದರು. ಆ ಪುಟ್ಟ ದೇಶದಲ್ಲಿ 4 ಲಕ್ಷಕ್ಕೂ ಜಾಸ್ತಿ ಸಹಿ ಅದರ ವಿರುದ್ಧ ಬಿತ್ತು. ಅಷ್ಟೂ ಜನ ತಪ್ಪಾ? ಹೆದ್ದಾರಿಯನ್ನು ಅಗಲ ಮಾಡಲಿ. ಜಾಮ್ ಇಲ್ಲದಿದ್ದರೆ ಯಾರು ಒಳರಸ್ತೆಗೆ ಬರುತ್ತಾರೆ?

ಚರ್ಚೆ ಶುರು ಮಾಡಿದವರು

ನಿಮ್ಮ ಸಿಟ್ಟು ನ್ಯಾಯವಾದದ್ದೇ. ದಣಿದು ಬಂದವರ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಅದಕ್ಕೇ ಲೆಕ್ಕ ಹಾಕೋಣ. ಮುಖ್ಯರಸ್ತೆಯಿಂದ ಮನೆಗೆ 600 ಮೀಟರ್ ಅಂದುಕೊಳ್ಳಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ 43 ಸೆಕೆಂಡು, 30 ಕಿ.ಮೀ. ವೇಗದಲ್ಲಿ 72 ಸೆಕೆಂಡು. ನಿಮಗೆ ಹೋಗುವುದು ಅರ್ಧ ನಿಮಿಷ, ಅದೂ ದಾರಿಯಲ್ಲಿ ಎಲ್ಲೂ ನಿಲ್ಲದೆ ಬಂದರೆ.

ಆ ಅರ್ಧ ನಿಮಿಷಕ್ಕೆ ಬೀದಿಗೆ ಏನು ಸಿಗುತ್ತದೆ ನೋಡಿ. ಮಗುವೊಂದು ಚೆಂಡಿನ ಹಿಂದೆ ಓಡಿ ರಸ್ತೆಗೆ ಬಂತು. ನಿಮ್ಮ ಕಾರಿಗೂ ಮಗುವಿಗೂ ನಡುವೆ ಸುಮಾರು 14 ಮೀಟರ್. ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕು. 30ರ ವೇಗದಲ್ಲಿ ಆ ಸೆಕೆಂಡಿನಲ್ಲಿ ಕಾರು 8 ಮೀಟರ್ ಚಿಲ್ಲರೆ ಮುಂದೆ ಹೋಗುತ್ತದೆ. ಒಣ ರಸ್ತೆಯಾದರೆ ಇನ್ನೊಂದು 5 ಮೀಟರಿನಲ್ಲಿ ನಿಲ್ಲುತ್ತದೆ. ಮಗು ಹೆದರಿ ಅಳಬಹುದು, ಅಷ್ಟೇ. 50ರಲ್ಲಿದ್ದರೆ? ಅದೇ ಒಂದು ಸೆಕೆಂಡಿನಲ್ಲಿ ಕಾರು ಸುಮಾರು 14 ಮೀಟರ್ ದಾಟಿರುತ್ತದೆ. ಬ್ರೇಕ್ ಇನ್ನೂ ಹಿಡಿದೇ ಇರಲ್ಲ. ಡ್ರೈವರ್ ಎಷ್ಟೇ ಜಾಣನಾದರೂ ಇದೇ ಲೆಕ್ಕ.

ವೇಲ್ಸ್ ವಿಷಯ ನೀವು ಹೇಳಿದ್ದು ನಿಜ. ಆಮೇಲೆ ಕೆಲವು ರಸ್ತೆಗಳಲ್ಲಿ ಮಿತಿಯನ್ನು ಮತ್ತೆ ಏರಿಸಲು ಅಲ್ಲಿನ ಸರ್ಕಾರವೇ ದಾರಿ ಮಾಡಿಕೊಟ್ಟಿತು. ಒಂದೇ ದಿನ ಇಡೀ ದೇಶಕ್ಕೆ ಬೋರ್ಡು ಬದಲಾಯಿಸುವುದಕ್ಕಿಂತ ಬೀದಿಯವರೇ ಕೇಳಿ ಮಾಡಿಸಿಕೊಳ್ಳುವುದು ವಾಸಿ ಅಂತ ನನಗೆ ಅನ್ನಿಸುವುದು ಇದಕ್ಕೇ. ಜರ್ಮನಿಯಲ್ಲಿ ವೇಗಮಿತಿ 30 ಇರುವ ಮೊದಲ ವಲಯ ಶುರುವಾದದ್ದು 1983ರಲ್ಲಿ, ಹ್ಯಾಂಬರ್ಗ್ ಪಕ್ಕದ ಬುಕ್ಸ್‌ಟೆಹುಡೆ ಎಂಬ ಸಣ್ಣ ಊರಿನಲ್ಲಿ, ಪ್ರಯೋಗ ಅಂತ. ಆಸ್ಟ್ರಿಯಾದ ಗ್ರಾಜ್ ನಗರ 1992ರಲ್ಲಿ ಮುಖ್ಯರಸ್ತೆಗಳನ್ನು ಬಿಟ್ಟು ಉಳಿದ ಕಡೆಗೆಲ್ಲ 30 ತಂದಿತು. ಮುಖ್ಯರಸ್ತೆಯಲ್ಲಿ 50 ಹಾಗೇ ಇತ್ತು. ನಾನು ಕೇಳುತ್ತಿರುವುದೂ ಅಷ್ಟೇ.

ಹೆದ್ದಾರಿ ಅಗಲ ಮಾಡುವ ಮಾತು ಹಳೆಯದು. ಆಂಥನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞರು 1962ರಲ್ಲೇ ಹೇಳಿದ್ದರು, ನಗರಕ್ಕೆ ಹೋಗುವ ದೊಡ್ಡ ರಸ್ತೆ ಎಷ್ಟು ಅಗಲವಾದರೂ ದಟ್ಟಣೆಯ ಹೊತ್ತಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ ಅಂತ. 2011ರಲ್ಲಿ ಡುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಹೆದ್ದಾರಿಗಳ ಲೆಕ್ಕ ತೆಗೆದು ನೋಡಿದರು. ರಸ್ತೆ ಎಷ್ಟು ಪಾಲು ಹೆಚ್ಚಿತೋ ವಾಹನ ಓಡಾಟವೂ ಸುಮಾರು ಅಷ್ಟೇ ಪಾಲು ಹೆಚ್ಚಿತ್ತು. ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದವರು ಕಾರು ತೆಗೆಯುತ್ತಾರೆ, ತಡವಾಗಿ ಹೊರಡುತ್ತಿದ್ದವರು ಬೇಗ ಹೊರಡುತ್ತಾರೆ, ಇನ್ನೂ ದೂರದಲ್ಲಿ ಹೊಸ ಬಡಾವಣೆ ಏಳುತ್ತದೆ. ಕೆಲವು ವರ್ಷಕ್ಕೆ ಮತ್ತೆ ಅದೇ ಜಾಮ್.

ಮನೆಯಿಂದಲೇ ಕೆಲಸ ಮಾಡುವ ತಾಯಿ

ನಾನು ಹಗಲೆಲ್ಲ ಮನೆಯಲ್ಲೇ ಇರುತ್ತೇನೆ, ಹಾಗಾಗಿ ಬೀದಿ ನನಗೆ ಚೆನ್ನಾಗಿ ಗೊತ್ತು. ಮಧ್ಯಾಹ್ನ ಎಷ್ಟು ಶಾಂತವಾಗಿರುತ್ತದೆ ಅಂದರೆ ಪಕ್ಕದ ಮನೆಯ ಗೇಟಿನ ಚಿಲಕದ ಸದ್ದು ಕೇಳುತ್ತದೆ. ಆದರೆ ಆಗ ಹೊರಗೆ ಮಕ್ಕಳಿಲ್ಲ, ದೊಡ್ಡವರಿಲ್ಲ. ಮಕ್ಕಳು ಶಾಲೆಯಿಂದ ಬಂದು, ತಿಂದು, ಆಡಲು ಕೆಳಗಿಳಿಯುವ ಹೊತ್ತಿಗೆ ಸರಿಯಾಗಿ ಅಡ್ಡದಾರಿಯ ಗಾಡಿಗಳು ಶುರು. ಮಗಳ ಕೈ ಬಿಡಲು ಧೈರ್ಯ ಬರಲ್ಲ. ಎದುರು ಮನೆಯಲ್ಲಿ ಅವಳದೇ ವಯಸ್ಸಿನ ಹುಡುಗಿ ಇದ್ದಾಳೆ. ಇಬ್ಬರೂ ಬಾಲ್ಕನಿಯಿಂದ ಕೈ ಬೀಸುತ್ತಾರೆ. ನಡುವೆ ಇರುವುದು ಒಂದು ರಸ್ತೆ. ದಾಟಿಸಲು ನಾನೋ ಅವರ ಅಮ್ಮನೋ ಇಳಿಯಬೇಕು, ಇಬ್ಬರಿಗೂ ಆಗ ಮೀಟಿಂಗ್ ಇರುತ್ತದೆ.

ಶಾಲೆಗಳ ಮುಂದೆ ಏನು ಮಾಡಬಹುದು ಅಂತ ಯಾರಾದರೂ ಹೇಳುತ್ತೀರಾ? ಬಿಡಲು ಬರುವ ಕಾರುಗಳಿಂದಲೇ ಅಲ್ಲಿ ಅಪಾಯ. ಗಾಡಿ ಜಾಸ್ತಿ ಅಂತ ಹೆದರಿ ಎಲ್ಲರೂ ಮಕ್ಕಳನ್ನು ಕಾರಿನಲ್ಲಿ ಬಿಡುತ್ತಾರೆ, ಅದರಿಂದ ಗಾಡಿ ಇನ್ನೂ ಜಾಸ್ತಿ ಆಗುತ್ತದೆ.

ನಿವೃತ್ತ ರಸ್ತೆ ಎಂಜಿನಿಯರ್

ನೀವು ಕೇಳಿದ್ದಕ್ಕೆ ಇಟಲಿಯ ಬೊಲ್ಜಾನೊ ಊರಿನಲ್ಲಿ 1989ರಲ್ಲೇ ಉತ್ತರ ಹುಡುಕಿದ್ದಾರಮ್ಮ. ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಸ್ವಲ್ಪ ಹೊತ್ತು ಶಾಲೆಯ ಬೀದಿಗೆ ವಾಹನ ಬಂದ್. ಉಳಿದ ಹೊತ್ತು ಎಂದಿನಂತೆ. ಈಗ ಲಂಡನ್, ಪ್ಯಾರಿಸ್ ಸೇರಿ ತುಂಬಾ ಊರುಗಳಲ್ಲಿ ಇದೇ ಪದ್ಧತಿ ಬಂದಿದೆ. ಬಿಡಲು ಬರುವವರು ಸ್ವಲ್ಪ ದೂರದಲ್ಲಿ ನಿಲ್ಲಿಸಿ ಮಗುವಿನ ಜೊತೆ ನಡೆದು ಬರುತ್ತಾರೆ. ಅಪ್ಪ-ಅಮ್ಮಂದಿರು ಒಬ್ಬರಿಗೊಬ್ಬರು ಪರಿಚಯ ಆಗುವುದೂ ಆ ನಡಿಗೆಯಲ್ಲೇ.

ಈಗ ಹಂಪ್ ವಿಷಯ. ವೇಗ ಅಂದ ಕೂಡಲೇ ಎಲ್ಲರೂ ಹಂಪ್ ಕೇಳುತ್ತಾರೆ. ಗಿಡ್ಡವಾಗಿ, ಚೂಪಾಗಿ ಹಾಕಿದ ಹಂಪ್‌ನಿಂದ ಉಪಯೋಗಕ್ಕಿಂತ ಕಾಟವೇ ಜಾಸ್ತಿ. ಬೈಕಿನವರು ಬೀಳುತ್ತಾರೆ, ಗರ್ಭಿಣಿಯರಿಗೆ, ಬೆನ್ನುನೋವಿನವರಿಗೆ ಹಿಂಸೆ. ದೊಡ್ಡ ಗಾಡಿಯವನು ಜೋರಾಗಿ ಹಾರಿಸಿಕೊಂಡೇ ಹೋಗುತ್ತಾನೆ. ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದವರು 1970ರ ದಶಕದಲ್ಲಿ ಪರೀಕ್ಷೆ ಮಾಡಿ ತೋರಿಸಿದ ಹಂಪ್ ಸುಮಾರು 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರ. ಉದ್ದವಾಗಿ ಏರಿ ಉದ್ದವಾಗಿ ಇಳಿಯುತ್ತದೆ. ನಿಧಾನ ಹೋದವರಿಗೆ ಏನೂ ಅನ್ನಿಸಲ್ಲ, ಜೋರಾಗಿ ಹೋದವರಿಗೆ ಮಾತ್ರ ತಟ್ಟುತ್ತದೆ. ಒಂದು ಹಂಪ್ ಹಾಕಿ ಸುಮ್ನೆ ಬಿಟ್ಟರೂ ಆಗಲ್ಲ. ದಾಟಿದ ಮೇಲೆ ಮತ್ತೆ ಎಳೆಯುತ್ತಾರೆ. ಬೀದಿಯುದ್ದಕ್ಕೂ ಅಲ್ಲಲ್ಲಿ ಬೇಕು.

ನನ್ನ ಕೇಳಿದರೆ ಹಂಪ್‌ಗಿಂತ ಒಳ್ಳೆಯದು ಬೀದಿಯ ಒಂದು ಕಡೆ ಅಡ್ಡಲಾಗಿ ಗಿಡದ ಕುಂಡಗಳನ್ನೋ ಕಂಬಗಳನ್ನೋ ಇಡುವುದು. ನಡೆಯುವವರು, ಸೈಕಲ್‌ನವರು ದಾಟಬಹುದು, ಕಾರು ದಾಟಲ್ಲ. ಪ್ರತಿ ಮನೆಗೂ ಕಾರು ಹೋಗುತ್ತದೆ, ಆದರೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೊರಬೀಳಲು ಆಗಲ್ಲ. ಅಡ್ಡದಾರಿ ಅನ್ನುವುದೇ ಇರಲ್ಲ. ಅಮೆರಿಕದ ರಾಡ್‌ಬರ್ನ್ ಬಡಾವಣೆಯನ್ನು 1929ರಲ್ಲಿ ಕಟ್ಟುವಾಗಲೇ ಮುಂದೆ ದಾರಿಯಿಲ್ಲದ ಬೀದಿಗಳನ್ನು ಮಾಡಿ, ಮನೆಗಳ ಹಿಂದೆ ನಡಿಗೆಗೆ ಬೇರೆ ದಾರಿ ಕೊಟ್ಟಿದ್ದರು. ಆಮೇಲೆ ಅದನ್ನು ನಕಲು ಮಾಡಿದ ಎಷ್ಟೋ ಉಪನಗರಗಳು ಮುಚ್ಚಿದ ಬೀದಿಯನ್ನು ಮಾತ್ರ ತೆಗೆದುಕೊಂಡು ನಡಿಗೆಯ ದಾರಿಯನ್ನು ಕೈಬಿಟ್ಟವು. ಹಿತ್ತಿಲ ಗೋಡೆಯ ಆಚೆಯೇ ಇರುವ ಬಸ್ ಸ್ಟಾಪಿಗೆ ಅರ್ಧ ಊರು ಸುತ್ತಬೇಕು. ಹಾಗೆ ಮಾಡಿದರೆ ಕಾರು ಇಲ್ಲದೆ ಬದುಕೇ ಇಲ್ಲ. ಕುಂಡ ಇಟ್ಟರೆ ಆ ತೊಂದರೆ ಬರಲ್ಲ.

ಆಸ್ಪತ್ರೆ ನರ್ಸ್

ಆಂಬುಲೆನ್ಸ್ ಗತಿ ಏನು? ನಮಗೆ ನಿಮಿಷಗಳ ಲೆಕ್ಕ. ಮುಚ್ಚಿದ ಬೀದಿ ಅಂದರೆ ನನಗೆ ಭಯ.

ನಿವೃತ್ತ ರಸ್ತೆ ಎಂಜಿನಿಯರ್

ಕೇಳಲೇಬೇಕಾದ ಪ್ರಶ್ನೆ ಮೇಡಂ. ಕಲ್ಲಿನ ಕಂಬದ ಬದಲು ಬೀಗ ತೆಗೆದು ಮಲಗಿಸುವ ಕಂಬ ಹಾಕುತ್ತಾರೆ, ಬೀಗದ ಕೈ ತುರ್ತು ಸೇವೆಯವರ ಹತ್ತಿರ ಇರುತ್ತದೆ. ಕೆಲವು ಕಡೆ ಕಂಬವೇ ಇಲ್ಲದೆ ಕ್ಯಾಮೆರಾ ಇಟ್ಟು, ಆಂಬುಲೆನ್ಸ್ ಮತ್ತು ಬಸ್ಸಿಗೆ ಬಿಟ್ಟು ಉಳಿದವರಿಗೆ ದಂಡ ಹಾಕುತ್ತಾರೆ. ಹಂಪ್‌ನಲ್ಲೂ ಅಗಲ ಕಡಿಮೆ ಇರುವ ದಿಂಬಿನಂಥ ಒಂದು ಬಗೆ ಇದೆ. ಆಂಬುಲೆನ್ಸಿನ ಚಕ್ರಗಳ ನಡುವಿನ ಅಂತರ ಜಾಸ್ತಿ, ಅದು ಎರಡೂ ಬದಿಗೆ ಚಕ್ರ ಇಟ್ಟುಕೊಂಡು ದಾಟುತ್ತದೆ. ಕಾರಿನ ಒಂದು ಚಕ್ರವಾದರೂ ಏರಲೇಬೇಕು. ಏನೇ ಆಗಲಿ, ಎಲ್ಲಿ ಅಡ್ಡ ಇಡಬೇಕು ಅಂತ ಗುರುತು ಹಾಕುವ ದಿನವೇ ಆಂಬುಲೆನ್ಸ್, ಅಗ್ನಿಶಾಮಕದವರನ್ನು ಕರೆಸಿ ನಿಲ್ಲಿಸಿ. ಆಮೇಲೆ ತಿಳಿಸಿದರೆ ಸಾಲದು.

ರೈಲು ಪ್ರಯಾಣಿಕ

ನನ್ನ ಚಿಂತೆ ಬೇರೆ. ಅಮೆರಿಕದ ರಾಜಕೀಯ ವಿಜ್ಞಾನಿ ರಾಬರ್ಟ್ ಪಟ್ನಮ್ 2000ದಲ್ಲಿ ಬರೆದಿದ್ದರು, ದಿನದ ಪ್ರಯಾಣ ಹತ್ತು ನಿಮಿಷ ಜಾಸ್ತಿಯಾದರೆ ಊರಿನ ಕೆಲಸಗಳಲ್ಲಿ ಜನ ತೊಡಗುವುದು ಶೇ. 10ರಷ್ಟು ಇಳಿಯುತ್ತದೆ ಅಂತ. ಹಾಗಾದರೆ ಬೀದಿ ಎಷ್ಟೇ ಶಾಂತವಾದರೂ ಮನೆಗೆ ಬಂದವನಿಗೆ ಶಕ್ತಿಯೇ ಉಳಿದಿಲ್ಲ ಅಂದರೆ?

ಚರ್ಚೆ ಶುರು ಮಾಡಿದವರು

ಅದು ನಿಜ, ಅಣ್ಣ. ಅದಕ್ಕೇ ನಾನು ಸಭೆ ನಂಬುವುದಿಲ್ಲ. ದಣಿದವರಿಗೆ ಸಭೆ ಅಂದರೆ ಇನ್ನೊಂದು ಕೆಲಸ. ನಿಲ್ದಾಣದಿಂದ ಮನೆಗೆ ನಡೆದು ಬರುವುದು ಹೇಗೂ ಮಾಡಲೇಬೇಕಾದದ್ದು. ಅದೇ ರೈಲಿನಿಂದ, ಅದೇ ದಾರಿಯಲ್ಲಿ, ಅದೇ ಮುಖಗಳು ದಿನಾ ನಡೆಯುತ್ತವೆ. ಈ ದಾರಿ ಹೇಗಿದೆ ಅನ್ನುವುದು ಮುಖ್ಯ. ಫುಟ್‌ಪಾತ್ ಒಬ್ಬರಿಗಷ್ಟೇ ಸಾಲುವಂತಿದ್ದರೆ ಎಲ್ಲರೂ ಸಾಲಾಗಿ, ಮುಂದಿನವರ ಬೆನ್ನು ನೋಡಿಕೊಂಡು ನಡೆಯುತ್ತಾರೆ. ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಅಗಲವಿದ್ದರೆ, ದೀಪ ಇದ್ದರೆ, ಮಾತು ತಾನಾಗಿ ಬರುತ್ತದೆ. ಪ್ರಯಾಣದ ಉಳಿದ ಭಾಗ ನಮ್ಮ ಕೈಲಿಲ್ಲ. ಕೊನೆಯ ಹತ್ತು ನಿಮಿಷ ನಮ್ಮ ಊರಿನದು.

ರೈಲು ಪ್ರಯಾಣಿಕ

ದೀಪದ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. ಬೀದಿದೀಪಗಳನ್ನೆಲ್ಲ ಕಾರು ಹೋಗುವ ಜಾಗಕ್ಕೆ ತಿರುಗಿಸಿರುತ್ತಾರೆ. ಫುಟ್‌ಪಾತ್ ಮರದ ನೆರಳಲ್ಲಿ ಕಪ್ಪಗೆ. ಎತ್ತರದ ಒಂದು ಕಂಬಕ್ಕಿಂತ ಗಿಡ್ಡದಾಗಿ ಹತ್ತಿರಹತ್ತಿರ ಇರುವ ಕಂಬಗಳು ನಡೆಯುವವರಿಗೆ ಒಳ್ಳೆಯದು. ಎದುರಿಗೆ ಬರುವವರ ಮುಖ ಕಾಣಬೇಕು. ಹೆಣ್ಣುಮಕ್ಕಳಿಗೆ ಇದು ಎಷ್ಟು ಮುಖ್ಯ ಅಂತ ನನ್ನ ತಂಗಿಯನ್ನು ಕೇಳಿದರೆ ಗೊತ್ತಾಗುತ್ತದೆ.

ಮುಖ್ಯರಸ್ತೆಯ ನಿವಾಸಿ

ಎಲ್ಲ ಓದಿದೆ. ನೀವೆಲ್ಲ ಒಳರಸ್ತೆಯವರು. ನಾನು ಮುಖ್ಯರಸ್ತೆಯ ಮೇಲಿನ ಮನೆಯವಳು. ಬಾಡಿಗೆ ಕಡಿಮೆ ಅಂತಲೇ ಇಲ್ಲಿದ್ದೇವೆ. ಕಿಟಕಿಯ ಸರಳು ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ, ಮಾರನೇ ದಿನ ಮತ್ತೆ ಕಪ್ಪು. ಒಳರಸ್ತೆಗೆ ಅಡ್ಡ ಇಟ್ಟರೆ ಆ ಗಾಡಿಗಳೆಲ್ಲ ಎಲ್ಲಿಗೆ ಬರುತ್ತವೆ? ನನ್ನ ಕಿಟಕಿಯ ಕೆಳಗೆ. ನಿಮ್ಮ ಮಕ್ಕಳಿಗೆ ಗೆಳೆಯರು ಬೇಕು, ನನ್ನ ಮಗನಿಗೆ ಬೇಡವಾ? ನೀವೇ ಹೇಳಿದ 0.9 ಗೆಳೆಯರ ಬೀದಿ ನನ್ನದು.

ಚರ್ಚೆ ಶುರು ಮಾಡಿದವರು

ಅಕ್ಕ, ಈ ಇಡೀ ಚರ್ಚೆಯಲ್ಲಿ ತುಂಬಾ ಮುಖ್ಯವಾದ ಪ್ರಶ್ನೆ ಇದೇ. ಇದಕ್ಕೆ ಉತ್ತರವಿಲ್ಲದ ಯೋಜನೆ ಬೇಡ ಅಂತ ನಾನೂ ಹೇಳುತ್ತೇನೆ.

ಬಂದ್ ಆದ ಗಾಡಿಗಳೆಲ್ಲ ಪಕ್ಕದ ರಸ್ತೆಗೇ ಬರುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ಸಾರಿಗೆ ಸಂಶೋಧಕರಾದ ಸ್ಯಾಲಿ ಕೇರ್ನ್ಸ್, ಫಿಲ್ ಗುಡ್‌ವಿನ್ ಮತ್ತು ಜೊತೆಗಾರರು 2002ರಲ್ಲಿ 11 ದೇಶಗಳ 70ಕ್ಕೂ ಹೆಚ್ಚು ಉದಾಹರಣೆಗಳನ್ನು ನೋಡಿದ್ದರು. ರಸ್ತೆಯ ಜಾಗ ಕಡಿಮೆ ಮಾಡಿದ ಅರ್ಧದಷ್ಟು ಕಡೆಗಳಲ್ಲಿ, ಸುತ್ತಲಿನ ರಸ್ತೆಗಳನ್ನೂ ಸೇರಿಸಿ ಎಣಿಸಿದಾಗ, ಶೇ. 11ರಷ್ಟೋ ಅದಕ್ಕಿಂತ ಜಾಸ್ತಿಯೋ ವಾಹನ ಓಡಾಟ ಎಲ್ಲೂ ಸಿಗಲಿಲ್ಲ. ಕೆಲವರು ಹೊತ್ತು ಬದಲಾಯಿಸಿದ್ದರು, ಕೆಲವರು ನಡೆದಿದ್ದರು, ಕೆಲವರು ಎರಡು ಕೆಲಸ ಒಂದೇ ಸಲ ಮುಗಿಸಿದ್ದರು.

ಮುಖ್ಯರಸ್ತೆಯ ನಿವಾಸಿ

ಅದು ಒಟ್ಟು ಲೆಕ್ಕ. ಒಟ್ಟು ಲೆಕ್ಕದಲ್ಲಿ ಕಡಿಮೆಯಾಗಿ ನನ್ನ ರಸ್ತೆಯಲ್ಲಿ ಜಾಸ್ತಿಯಾಗಬಹುದಲ್ಲ?

ಚರ್ಚೆ ಶುರು ಮಾಡಿದವರು

ಆಗಬಹುದು. ಆದ್ದರಿಂದ ಒಳರಸ್ತೆಗೆ ಕುಂಡ ಬರುವ ಮೊದಲೇ ಮುಖ್ಯರಸ್ತೆಗೆ ಮೂರು ಸಿಗಬೇಕು ಅನ್ನುವುದು ನನ್ನ ಮಾತು. ನಡೆಯುವವರು ಜಾಸ್ತಿ ಕಾಯದೆ ದಾಟುವ ಸಿಗ್ನಲ್. ಬಸ್ಸಿಗೆ ಬೇರೆ ಪಥ, ಯಾಕೆಂದರೆ ಅಷ್ಟೇ ಜಾಗದಲ್ಲಿ ಕಾರಿಗಿಂತ ಎಷ್ಟೋ ಪಟ್ಟು ಜನರನ್ನು ಬಸ್ಸು ಸಾಗಿಸುತ್ತದೆ. ರಾತ್ರಿ ಹೊತ್ತು ಕಡಿಮೆ ವೇಗದ ಮಿತಿ, ಯಾಕೆಂದರೆ ನಿದ್ದೆ ಕೆಡಿಸುವುದು ಜಾಮ್ ಅಲ್ಲ, ಖಾಲಿ ರಸ್ತೆಯಲ್ಲಿ ಎಳೆದುಕೊಂಡು ಹೋಗುವ ಗಾಡಿ. ಆಮೇಲೆ ನಿಮ್ಮ ಕಿಟಕಿಯ ಕೆಳಗಿನ ಲೆಕ್ಕವನ್ನೂ ಮೊದಲು ಮತ್ತು ನಂತರ ತೆಗೆಯಬೇಕು. ಜಾಸ್ತಿಯಾದರೆ ಕುಂಡದ ಜಾಗ ಬದಲಾಗಬೇಕು. ಅದನ್ನು ಮೊದಲೇ ಬರೆದು, ಎಲ್ಲರಿಗೂ ಕಾಣುವಂತೆ ಹಾಕಬೇಕು.

ಮುಖ್ಯರಸ್ತೆಯ ನಿವಾಸಿ

ಬರೆದು ಹಾಕಿದರೆ ನಾನು ಸಹಿ ಹಾಕುತ್ತೇನೆ. ಎಣಿಸುವ ಕೆಲಸಕ್ಕೂ ಬರುತ್ತೇನೆ. ಬರೀ ಮಾತಾದರೆ ವಿರೋಧಿಸುತ್ತೇನೆ.

ದಿನಾ ಕಾರಿನಲ್ಲಿ ಹೋಗಿಬರುವವರು

ಅರ್ಧ ನಿಮಿಷದ ಲೆಕ್ಕ ನಾನೇ ಗಡಿಯಾರ ಹಿಡಿದು ನೋಡುತ್ತೇನೆ. ಕುಂಡ ಇಟ್ಟರೆ ನನಗೆ ಒಂದು ಸುತ್ತು ಜಾಸ್ತಿಯಾಗುತ್ತದೆ, ಅದು ಇನ್ನೂ ಹಿಡಿಸಿಲ್ಲ. ಆದರೆ ಪ್ರಯೋಗ ಅಂತ ಮಾಡಿ, ಆಗದಿದ್ದರೆ ತೆಗೆಯುತ್ತೀರಿ ಅಂದರೆ ಅಡ್ಡ ಬರಲ್ಲ. ಎಷ್ಟು ದಿನದ ಪ್ರಯೋಗ?

ನಿವೃತ್ತ ರಸ್ತೆ ಎಂಜಿನಿಯರ್

ಆರು ತಿಂಗಳಾದರೂ ಬೇಕು. ಮೊದಲ ಕೆಲವು ವಾರ ಗಲಾಟೆಯೇ, ಹಳೆಯ ಅಭ್ಯಾಸದಲ್ಲಿ ಬಂದು ತಿರುಗಿಸಿಕೊಂಡು ಹೋಗುವವರು ಜಾಸ್ತಿ. ಆ ವಾರಗಳನ್ನು ನೋಡಿ ತೀರ್ಮಾನ ಮಾಡಬೇಡಿ. ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನವರು 1960ರ ದಶಕದ ಕೊನೆಯಲ್ಲಿ ಮನೆ ಮುಂದಿನ ಬೀದಿಯನ್ನು ನಿಧಾನ ಮಾಡಲು ಹೊರಟಾಗ ಅದಕ್ಕೆ ಕಾನೂನೇ ಇರಲಿಲ್ಲ. ಕಾನೂನು ಬಂದದ್ದು 1976ರಲ್ಲಿ. ಆ ಕಾನೂನಿನಲ್ಲಿ ಅಂಥ ಬೀದಿಯಲ್ಲಿ ನಡೆಯುವವರು ಇಡೀ ಅಗಲ ಬಳಸಬಹುದಿತ್ತು, ಗಾಡಿ ಅವರ ಹೆಜ್ಜೆಯ ವೇಗದಲ್ಲಿ ಬರಬೇಕಿತ್ತು. ಅಷ್ಟು ವರ್ಷ ಅವರು ತಾಳಿಕೊಂಡರು, ನಾವು ಆರು ತಿಂಗಳು ತಾಳೋಣ.

ಎಣಿಸಲು ಬರುವವರಿಗೆ: ಮಂಗಳವಾರದಿಂದ ಗುರುವಾರದೊಳಗೆ ಎಣಿಸಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಹದಿನೈದು ನಿಮಿಷಕ್ಕೊಂದು ಸಾಲು. ಕಾರು, ಬೈಕು, ಸೈಕಲ್, ನಡೆಯುವವರು ಬೇರೆಬೇರೆ ಬರೆಯಿರಿ. ನಡೆಯುವವರಲ್ಲಿ ಮಕ್ಕಳು ಎಷ್ಟು, ಜೊತೆಗೆ ದೊಡ್ಡವರಿಲ್ಲದ ಮಕ್ಕಳು ಎಷ್ಟು ಅಂತಲೂ ಬರೆಯಿರಿ. ಬೀದಿ ಸುಧಾರಿಸಿತೋ ಇಲ್ಲವೋ ಅಂತ ತಿಳಿಯಲು ಆ ಕೊನೆಯ ಅಂಕಿಯನ್ನೇ ನಾನು ಎಲ್ಲಕ್ಕಿಂತ ಮೊದಲು ನೋಡುವುದು. ಶಾಲೆಗೆ ರಜೆ ಇರುವ ವಾರ ಎಣಿಸಬೇಡಿ, ಲೆಕ್ಕ ಸುಳ್ಳಾಗುತ್ತದೆ.